ಒಂದು ಫ್ಯಾನಿಗೂ ಒಂದು ಪ್ಯಾಕೇಜ್

ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ನ ಫ್ಯಾನ್ ಎಷ್ಟು ಜೋರಾಗಿ ತಿರುಗಬೇಕು ಎಂದು ಹೇಳಲು ಹುಟ್ಟಿದ ಪುಟ್ಟ ಪ್ರೋಗ್ರಾಂ ಥಿಂಕ್‌ಫ್ಯಾನ್. ಡೆಬಿಯನ್‌ನಂಥ ಎಲ್ಲರಿಗಾಗಿ ಇರುವ ಲಿನಕ್ಸ್ ಡಿಸ್ಟ್ರೋದಲ್ಲಿ (ಲಿನಕ್ಸ್ ಮತ್ತು ಬೇಕಾದ ಪ್ರೋಗ್ರಾಂಗಳನ್ನು ಒಟ್ಟಿಗೆ ಸೇರಿಸಿ ಕೊಡುವ ಸಿಸ್ಟಮ್) ಇದಕ್ಕೇನು ಕೆಲಸ? ಕೆಲವರು ಹಾಗೆ ಕೇಳುತ್ತಾರೆ. ನನ್ನ ಪ್ರಕಾರ ಇರಲಿ ಬಿಡಿ, ಏನೂ ತೊಂದರೆ ಇಲ್ಲ. ರೆಪೊಸಿಟರಿಯಲ್ಲಿ, ಅಂದರೆ ಡಿಸ್ಟ್ರೋದ ಪ್ಯಾಕೇಜ್‌ಗಳನ್ನು (ಇನ್‌ಸ್ಟಾಲ್ ಮಾಡಲು ಕಟ್ಟಿಟ್ಟ ಪ್ರೋಗ್ರಾಂಗಳನ್ನು) ಇಟ್ಟಿರುವ ಉಗ್ರಾಣದಲ್ಲಿ ಇರುವುದು ಬೇರೆ, ಎಲ್ಲರ ಡಿಸ್ಕಿಗೂ ಬಂದು ಕೂರುವುದು ಬೇರೆ. ಸರ್ವರ್‌ನಲ್ಲಿ ಬಿದ್ದಿರುವ ಪ್ಯಾಕೇಜ್ ಯಾರಿಗೂ ಭಾರ ಅಲ್ಲ.

ನಿಜವಾದ ಕಷ್ಟ ಏನೆಂದರೆ, ಬೇಕಾದವರಿಗೆ ಅದು ಇದೆ ಅಂತಲೇ ಗೊತ್ತಿರುವುದಿಲ್ಲ. ಇದಕ್ಕೆ ದಾರಿ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ. ಲಾಜಿಟೆಕ್ ವೈರ್‌ಲೆಸ್ ಮೌಸ್‌ನ ಯುನಿಫೈಯಿಂಗ್ ರಿಸೀವರ್ ಚುಚ್ಚಿದ ತಕ್ಷಣ ಅದು ತನ್ನ ಎರಡು ನಂಬರ್ ಹೇಳುತ್ತದೆ: ಕಂಪನಿಯದ್ದು 046ಡಿ, ಸಾಧನದ್ದು ಸಿ52ಬಿ. ಕರ್ನಲ್ ಇವನ್ನೂ ಇನ್ನಷ್ಟು ವಿವರಗಳನ್ನೂ ಸೇರಿಸಿ ಒಂದು ಉದ್ದದ ಸಾಲು ಮಾಡುತ್ತದೆ, ಅದೇ ಮೋಡ್‌ಏಲಿಯಾಸ್. ಸರಿಯಾದ ಡ್ರೈವರ್ ಲೋಡ್ ಆಗುವುದು ಈ ಸಾಲನ್ನು ನೋಡಿಯೇ. ಪ್ಯಾಕೇಜ್ ಕೂಡ 'ನಾನು ಇಂಥ ಸಾಧನಕ್ಕೆ' ಎಂದು ಇದೇ ಸಾಲನ್ನು ತನ್ನ ವಿವರದಲ್ಲಿ ಬರೆದುಕೊಂಡರೆ ಆಯ್ತು, ಅಲ್ವಾ? ಡೆಬಿಯನ್‌ನ ಐಸೆನ್‌ಕ್ರಾಮ್ ಎಂಬ ಪ್ರೋಗ್ರಾಂ ಹೀಗೆ ಹೊಂದಿಸಿ ನೋಡಿ 'ಇದಕ್ಕೆ ಈ ಪ್ಯಾಕೇಜ್ ಇದೆ, ಹಾಕಲಾ?' ಎಂದು ಕೇಳುತ್ತದೆ. ಉಬುಂಟು ಡ್ರೈವರ್ ಹುಡುಕುವುದೂ ಇದೇ ಥರ.

ಕೇಳುತ್ತದೆ ಅಂದೆ, ಸುಮ್ನೆ ಹಾಕಿಬಿಡಬಾರದು. ಥಿಂಕ್‌ಪ್ಯಾಡ್ ಡ್ರೈವರ್‌ನಲ್ಲಿ ಫ್ಯಾನ್ ಹಿಡಿತ ಮೊದಲಿಗೆ ಆಫ್ ಆಗಿಯೇ ಇರುತ್ತದೆ, ಬೇಕಾದವರು fan_control=1 ಅಂತ ಕೊಟ್ಟು ಆನ್ ಮಾಡಿಕೊಳ್ಳಬೇಕು, ಯಾಕೆಂದರೆ ಲೆಕ್ಕ ತಪ್ಪಿದರೆ ಮಷಿನ್ ಕಾದು ಹಾಳಾಗಬಹುದು.

ಫರ್ಮ್‌ವೇರ್, ಅಂದರೆ ಸಾಧನದ ಚಿಪ್ ಒಳಗೇ ಓಡುವ ಸಾಫ್ಟ್‌ವೇರ್, ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ವೈಫೈ ಚಿಪ್‌ಗೆ ಫರ್ಮ್‌ವೇರ್ ಇಲ್ಲದೆ ನೆಟ್ ಇಲ್ಲ, ನೆಟ್ ಇಲ್ಲದೆ ಫರ್ಮ್‌ವೇರ್ ಇಳಿಸಿಕೊಳ್ಳಲು ಆಗಲ್ಲ. ಇದು ಇನ್‌ಸ್ಟಾಲರ್‌ನಲ್ಲೇ ಇರಬೇಕು. ಇದರಲ್ಲಿ ಬಹಳಷ್ಟು ಸೋರ್ಸ್ ಕೋಡ್ ಸಿಗದ ಫೈಲುಗಳು, ಹಾಗಾಗಿ ಡೆಬಿಯನ್‌ನವರು ವರ್ಷಗಟ್ಟಲೆ ಹೊರಗಿಟ್ಟಿದ್ದರು. 2022ರಲ್ಲಿ ವೋಟ್ ಹಾಕಿ ಒಪ್ಪಿಕೊಂಡರು, 2023ರ ಡೆಬಿಯನ್ 12ರಿಂದ ಜೊತೆಗೇ ಬರುತ್ತಿದೆ. ತಡವಾದರೂ ಒಳ್ಳೆಯದಾಯಿತು. ಆದರೆ ಎಲ್ಲ ಕಂಪನಿಗಳದ್ದೂ ಸೇರಿದರೆ ನೂರಾರು ಎಂಬಿ. ಅದಕ್ಕೇ ಆರ್ಚ್ ಎಂಬ ಇನ್ನೊಂದು ಡಿಸ್ಟ್ರೋ 2025ರಲ್ಲಿ ತನ್ನ ದೊಡ್ಡ ಫರ್ಮ್‌ವೇರ್ ಪ್ಯಾಕೇಜನ್ನು ಕಂಪನಿವಾರು ಒಡೆಯಿತು. ಎನ್‌ವಿಡಿಯಾ ಕಾರ್ಡ್ ಇಲ್ಲದವರು ಆ ತುಂಡನ್ನು ಬಿಡಬಹುದು.

ಇನ್ನು ಪ್ಯಾಕೇಜ್ ನೋಡಿಕೊಳ್ಳುವವರ ಪಾಡು. ಸಾಧನ ಕೈಯಲ್ಲಿ ಇಲ್ಲದಿದ್ದರೆ ಬಗ್ ಬಂದಾಗ ಅವರು ಊಹೆ ಮಾಡಬೇಕಷ್ಟೆ. ಕೋಡ್ ಕಂಪೈಲ್ ಆಗಿದೆ ಅಂದ ಮಾತ್ರಕ್ಕೆ ಫ್ಯಾನ್ ತಿರುಗುತ್ತದೆ ಅಂತೇನೂ ಅಲ್ಲವಲ್ಲ. ಸಾಧನ ಇರುವವರು ಒಬ್ಬರಾದರೂ ಟೆಸ್ಟ್ ಮಾಡಲು ಸಿಕ್ಕರೆ ಪ್ಯಾಕೇಜ್ ಉಳಿಸಿ, ಯಾರೂ ಇಲ್ಲದಿದ್ದರೆ ತೆಗೆಯಿರಿ ಅನ್ನುತ್ತೇನೆ ನಾನು.