ಬೋರ್ಡ್ ಮೇಲಿನ ಲೆಕ್ಕ ಕಿವಿಗೂ ಬೀಳಲಿ

“ನೋಡಿ ಮಕ್ಕಳೇ, ಇದನ್ನ ಈ ಕಡೆ ತಂದ್ರೆ ಚಿಹ್ನೆ ಬದಲಾಗುತ್ತೆ. ಈಗ ಅದರಿಂದ ಇದನ್ನ ಕಳೀರಿ. ಎಷ್ಟು ಬಂತು?”

ಒಂಬತ್ತನೇ ತರಗತಿಯ ಗಣಿತ ಪಾಠ. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಪಕ್ಕದಲ್ಲಿದ್ದ, ಹುಟ್ಟಿನಿಂದಲೇ ಕಣ್ಣು ಕಾಣದ ಹುಡುಗಿ ಮೆಲ್ಲಗೆ ಕೇಳಿದಳು: “ಮಿಸ್, ಯಾವುದನ್ನ ಯಾವ ಕಡೆ ತಂದ್ರು?”

ನಾನು ತಾಲ್ಲೂಕಿನ ಶಾಲೆಗಳನ್ನು ಸುತ್ತುವ ಬಿಐಇಆರ್‌ಟಿ, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿ. ವಿಶೇಷ ಅಗತ್ಯವುಳ್ಳ ಮಕ್ಕಳು ಎಲ್ಲರ ಜೊತೆಯಲ್ಲೇ ಕಲಿಯುವಂತೆ ನೆರವಾಗುವುದು ನನ್ನ ಕೆಲಸ. ‘ಕಣ್ಣಿಲ್ಲದವರಿಗೆ ಗಣಿತ ಆಗಲ್ಲ’ ಎಂಬ ಮಾತನ್ನು ಹೋದಲ್ಲೆಲ್ಲ ಕೇಳುತ್ತೇನೆ. ಆ ಹುಡುಗಿಗೆ ಸಮೀಕರಣ ಗೊತ್ತಿತ್ತು. ಅವಳನ್ನು ಹೊರಗಿಟ್ಟದ್ದು ಇದು, ಅದು, ಈ ಕಡೆ, ಆ ಕಡೆ ಎಂಬ ಮಾತುಗಳು.

ಮೇಷ್ಟ್ರು ಶ್ರದ್ಧೆಯವರು. ಅವರಲ್ಲಿ ಒಂದೇ ಒಂದು ಕೇಳಿಕೊಂಡೆ: ಕೈ ಬರೆದದ್ದನ್ನೆಲ್ಲ ಬಾಯಿ ಹೇಳಲಿ. “ಎರಡು ಎಕ್ಸ್ ಪ್ಲಸ್ ಐದು, ಸಮ, ಹದಿಮೂರು. ಪ್ಲಸ್ ಐದನ್ನ ಬಲಗಡೆ ತಂದ್ರೆ ಮೈನಸ್ ಐದು. ಎರಡು ಎಕ್ಸ್, ಸಮ, ಎಂಟು.” ಇಷ್ಟು ಹೇಳುವುದಕ್ಕೆ ಹೆಚ್ಚು ಸಮಯ ಬೇಕಿಲ್ಲ.

ಭಿನ್ನರಾಶಿ ಬಂದಾಗ ನಿಜವಾದ ತೊಡಕು. “ಎಕ್ಸ್ ಪ್ಲಸ್ ಒಂದು ಬೈ ಎರಡು” ಅಂದರೆ ಏನು? ಎಕ್ಸ್‌ನ ಬೆಲೆ 3 ಆಗಿದ್ದರೆ, ಮೊದಲು ಕೂಡಿಸಿ ಆಮೇಲೆ ಭಾಗಿಸಿದವನಿಗೆ 2 ಬರುತ್ತದೆ. ಎಕ್ಸ್‌ಗೆ ಅರ್ಧ ಕೂಡಿಸಿದವನಿಗೆ ಮೂರೂವರೆ. ಬೋರ್ಡ್ ಮೇಲೆ ಅಡ್ಡಗೆರೆ ಎಷ್ಟು ಉದ್ದ ಎಂದು ಕಂಡರೆ ಸಾಕು, ಕಿವಿಗೆ ಆ ಗೆರೆ ಇಲ್ಲ. ಕೊನೆಗೆ ನಾವು ಹೀಗೆ ಗೊತ್ತುಮಾಡಿಕೊಂಡೆವು: “ಭಿನ್ನರಾಶಿ ಶುರು. ಅಂಶ ಎಕ್ಸ್ ಪ್ಲಸ್ ಒಂದು. ಛೇದ ಎರಡು. ಭಿನ್ನರಾಶಿ ಮುಗೀತು.” ಇದು ನನ್ನ ಜಾಣತನವಲ್ಲ. ಅಬ್ರಹಾಂ ನೆಮೆತ್ ಎಂಬ ಅಂಧ ಗಣಿತಜ್ಞ 1952ರಲ್ಲಿ ರೂಪಿಸಿದ ಗಣಿತದ ಬ್ರೈಲ್‌ನಲ್ಲಿ ಭಿನ್ನರಾಶಿ ಎಲ್ಲಿ ಶುರು, ಎಲ್ಲಿ ಕೊನೆ ಎಂದು ತೋರಿಸಲು ಬೇರೆಬೇರೆ ಗುರುತುಗಳೇ ಇವೆ. ಕನ್ನಡಕ್ಕೂ ಕಿವಿಯ ಗಣಿತ ಹೊಸದಲ್ಲ. 12ನೇ ಶತಮಾನದ ಗಣಿತಜ್ಞ ರಾಜಾದಿತ್ಯ ಲೆಕ್ಕಗಳನ್ನು ಪದ್ಯದಲ್ಲಿ ಹೇಳಿದ. ಮಗ್ಗಿ ನಮಗೆಲ್ಲ ಬಂದದ್ದೂ ಬಾಯಿಪಾಠದಿಂದಲೇ.

ಲೆಕ್ಕ ಮಾಡಲು ಅವಳ ಬಳಿ ಟೇಲರ್ ಫ್ರೇಮ್ ಇದೆ. ಎಂಟು ಮೂಲೆಯ ತೂತುಗಳಿರುವ ಹಲಗೆ, ಅದರೊಳಗೆ ನಿಲ್ಲಿಸುವ ಪುಟ್ಟ ಲೋಹದ ಮೊಳೆಗಳು. ಮೊಳೆಯ ಯಾವ ತುದಿ ಮೇಲಿದೆ, ಅದು ಯಾವ ದಿಕ್ಕಿಗೆ ತಿರುಗಿದೆ ಎಂಬುದರ ಮೇಲೆ ಅಂಕಿ ಗೊತ್ತಾಗುತ್ತದೆ. ಬಿಡಿ, ಹತ್ತು, ನೂರರ ಸ್ಥಾನಗಳು ಬೆರಳಿಗೆ ಸಾಲಾಗಿ ಸಿಗುತ್ತವೆ. ರೇಖಾಗಣಿತಕ್ಕೆ ರಟ್ಟಿನ ಮೇಲೆ ದಾರ ಅಂಟಿಸುತ್ತೇನೆ. ಇಲ್ಲೊಂದು ತಪ್ಪನ್ನು ನಾನು ವರ್ಷಗಟ್ಟಲೆ ಮಾಡಿದ್ದೇನೆ: ಪುಸ್ತಕದ ಚಿತ್ರವನ್ನು ಹಾಗೇ ದಾರಕ್ಕೆ ಇಳಿಸುವುದು. ವೃತ್ತ, ಸ್ಪರ್ಶಕ, ಎರಡು ತ್ರಿಜ್ಯ, ಮೂರು ಅಕ್ಷರ ಎಲ್ಲ ಒಂದೇ ರಟ್ಟಿನಲ್ಲಿದ್ದರೆ ಬೆರಳಿಗೆ ಸಿಗುವುದು ಬರೀ ಗೋಜಲು. ಕಣ್ಣು ಚಿತ್ರವನ್ನು ಒಟ್ಟಿಗೆ ನೋಡುತ್ತದೆ, ಬೆರಳು ತುಣುಕು ತುಣುಕಾಗಿ ಓದಿ ಮನಸ್ಸಿನಲ್ಲಿ ಜೋಡಿಸಿಕೊಳ್ಳಬೇಕು. ಈಗ ಮೊದಲ ರಟ್ಟಿನಲ್ಲಿ ವೃತ್ತ ಮಾತ್ರ, ಎರಡನೆಯದರಲ್ಲಿ ಸ್ಪರ್ಶಕ ಸೇರುತ್ತದೆ. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಕೊಡುವುದನ್ನು ಕರುಣೆ ಎಂದುಕೊಂಡವರು ಒಮ್ಮೆ ಕಣ್ಣು ಮುಚ್ಚಿ ಆ ರಟ್ಟನ್ನು ಓದಿ ನೋಡಲಿ.

ನನ್ನನ್ನು ಹೆಚ್ಚು ನೋಯಿಸುವ ಸಂಗತಿ ಬೇರೆಯೇ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ಈ ಮಕ್ಕಳಿಗೆ ಗಣಿತದ ಬದಲು ಸಮಾಜಶಾಸ್ತ್ರ ಬರೆಯುವ ಅವಕಾಶವಿದೆ. ಅದು ಬೇಕಾದವರಿಗೆ ಇರಲಿ. ಆದರೆ ಎಷ್ಟೋ ಕಡೆ ಮಗುವನ್ನು ಕೇಳದೆಯೇ, ಎಂಟನೇ ತರಗತಿಯಲ್ಲೇ, “ಪಾಪ, ಸುಮ್ನೆ ಯಾಕೆ ತೊಂದ್ರೆ” ಎಂದು ಗಣಿತ ಬಿಡಿಸಿಬಿಡುತ್ತಾರೆ. ಪಿಯುಸಿಯಲ್ಲಿ ವಿಜ್ಞಾನ ಓದುವ ಆಸೆ ಅಲ್ಲಿಗೇ ಮುಗಿದಂತೆ. ಪರ್ಯಾಯ ಎಂಬುದು ಮಗು ಆರಿಸಿಕೊಳ್ಳಬೇಕಾದದ್ದು. ಅದೂ ಮಗುವಿಗೆ ಗಣಿತವನ್ನು ಸರಿಯಾಗಿ ಕಲಿಸಿ ನೋಡಿದ ಮೇಲೆ.

ಈ ಹುಡುಗಿ ಗಣಿತವನ್ನೇ ಬರೆಯುತ್ತೇನೆ ಎಂದಿದ್ದಾಳೆ. ಹೋದ ವಾರ ಅದೇ ತರಗತಿಗೆ ಹೋಗಿದ್ದೆ. ಮೇಷ್ಟ್ರು ಆತುರದಲ್ಲಿ ಛೇದ ಹೇಳಿ ಮುಂದಿನ ಸಾಲಿಗೆ ಹೊರಟರು. ಕಿಟಕಿ ಪಕ್ಕದ ಹುಡುಗನೊಬ್ಬ ಕೈ ಎತ್ತಿದ. ಅವನಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ.

“ಸರ್, ಭಿನ್ನರಾಶಿ ಮುಗೀತಾ?”