ಬ್ಯಾರಿಯರ್ ಹಾಕಿದ ಮೇಲೆ ಪ್ರೋಗ್ರಾಂ ನಿಂತೇಬಿಡುತ್ತದೆ, ಯಾಕೆ?

ಪ್ರಶ್ನೆ: ಸರ್, ನಮ್ಮದು ಫೈನಲ್ ಇಯರ್ ಪ್ರಾಜೆಕ್ಟ್. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಹರಿವಿನ ಲೆಕ್ಕವನ್ನು ಸಿ ಮತ್ತು ಎಂಪಿಐ (ಜೊತೆಯಾಗಿ ಓಡುವ ಪ್ರೋಗ್ರಾಂಗಳ ನಡುವೆ ಸಂದೇಶ ಸಾಗಿಸುವ ವ್ಯವಸ್ಥೆ) ಬಳಸಿ ನಾಲ್ಕು ವರ್ಕರ್‌ಗಳಿಗೆ ಹಂಚಿದ್ದೇವೆ. ಎಲ್ಲವೂ ಜೊತೆಯಲ್ಲೇ ಸಾಗಲಿ ಅಂತ ಪ್ರತಿ ಹೆಜ್ಜೆಗೂ ಬ್ಯಾರಿಯರ್ ಹಾಕಿದ್ವಿ. ಈಗ ಸ್ವಲ್ಪ ಹೊತ್ತು ಓಡಿ ನಿಂತುಬಿಡ್ತದೆ, ಎರರ್ ಕೂಡ ಬರಲ್ಲ. (ಕೊಪ್ಪಳದ ವಿದ್ಯಾರ್ಥಿನಿ)

ಉತ್ತರ: ಬ್ಯಾರಿಯರ್ ಎಂದರೆ ಎಲ್ಲ ವರ್ಕರ್‌ಗಳೂ ಬಂದು ಸೇರುವ ತನಕ ಯಾವುದನ್ನೂ ಮುಂದೆ ಬಿಡದ ತಡೆ. ಒಂದಾದರೂ ವರ್ಕರ್ ಅಲ್ಲಿಗೆ ಬಂದೇ ಇಲ್ಲ, ಬಂದವು ಅದಕ್ಕಾಗಿ ಕಾಯುತ್ತಿವೆ. ಎಷ್ಟು ಹೊತ್ತು ಕಾಯಬೇಕು ಎಂಬ ಮಿತಿ ಎಂಪಿಐ ಬ್ಯಾರಿಯರ್‌ಗೆ ಇಲ್ಲ. ಹಾಗಾಗಿ ಎರರ್ ಬರುವುದಿಲ್ಲ.

ಬ್ಯಾರಿಯರ್ ಒಂದು ಇಫ್ ಒಳಗೆ ಸಿಕ್ಕಿಕೊಂಡಿದೆಯೇ ನೋಡಿ. ‘ರ‍್ಯಾಂಕ್ ಸೊನ್ನೆಯಾದರೆ’ (ಇದು ವರ್ಕರ್‌ನ ಕ್ರಮಸಂಖ್ಯೆ, ಸೊನ್ನೆಯಿಂದ ಮೂರರವರೆಗೆ) ಎಂಬ ಷರತ್ತಿನೊಳಗೆ ಅದಿದ್ದರೆ ಕಾರಣ ಅಲ್ಲೇ ಸಿಕ್ಕಿತು, ಹೊರಗೆ ತೆಗೆದರೆ ಮುಗಿಯಿತು. ಆದರೆ ‘ಸ್ವಲ್ಪ ಹೊತ್ತು ಓಡಿ’ ಎಂದಿದ್ದೀರಿ. ನನ್ನ ಅನುಮಾನವೆಲ್ಲ ಹೆಜ್ಜೆ ಹೆಜ್ಜೆಗೂ ಲೆಕ್ಕವನ್ನು ಮತ್ತೆ ಮಾಡಿಸುವ ನಿಮ್ಮ ವೈಲ್ ಲೂಪಿನ ಮೇಲೆ.

ಕಾಲುವೆ 227 ಕಿ.ಮೀ. ಉದ್ದ, ತಲಾ ಸುಮಾರು 57 ಕಿ.ಮೀ. ಹಂಚಿರುತ್ತೀರಿ. ಸೊನ್ನೆಯ ವರ್ಕರ್‌ನದು ಕಾಲುವೆ ಶುರುವಾಗುವ ಮುನಿರಾಬಾದ್ ಕಡೆಯ ತುಂಡು, ಮೂರರದು ಕೊನೆಯ ರಾಯಚೂರು ಕಡೆಯದು. ನೀರಿನ ವೇಗ ಸೆಕೆಂಡಿಗೆ 1 ಮೀಟರ್ ಎಂದು ಹಿಡಿದರೆ ಕೊನೆ ಮುಟ್ಟಲು 63 ಗಂಟೆ ಬೇಕು. ಅಷ್ಟರೊಳಗೆ ಮೇಲಿನ ತುಂಡಿನಲ್ಲಿ ಮಟ್ಟ ನಿಂತಿರುತ್ತದೆ. ‘ನನ್ನ ಮಟ್ಟ ಬದಲಾಗುತ್ತಿಲ್ಲ, ನನ್ನ ಕೆಲಸ ಆಯಿತು’ ಎಂದು ಸೊನ್ನೆ ಲೂಪಿನಿಂದ ಹೊರಗೆ ಹೋಗುತ್ತದೆ. ಒಂದು, ಎರಡು, ಮೂರು ಮುಂದಿನ ಹೆಜ್ಜೆಯ ಬ್ಯಾರಿಯರ್‌ನಲ್ಲಿ ನಿಂತಿವೆ. ಕೊನೆಯಂಚಿನ ರೈತರಿಗೆ ನೀರು ಯಾವಾಗ ಮುಟ್ಟುತ್ತದೆ ಎಂಬುದೇ ಪ್ರತಿ ಹಂಗಾಮಿನ ಚಿಂತೆ. ನಿಮ್ಮ ಲೆಕ್ಕ ಅಲ್ಲಿಗೆ ಮುಟ್ಟುವ ಮೊದಲೇ ನಿಲ್ಲಬಾರದು.

ಇದಕ್ಕಿಂತ ಕೆಟ್ಟದ್ದೂ ಆಗಬಹುದು. ಬ್ಯಾರಿಯರ್‌ಗಳಿಗೆ ಹೆಸರಿರುವುದಿಲ್ಲ. ಲೂಪ್ ಮುಗಿದ ಮೇಲೆ ಫೈಲ್ ಬರೆಯುವ ಮುಂಚೆ ಇನ್ನೊಂದು ಬ್ಯಾರಿಯರ್ ಇಟ್ಟಿದ್ದರೆ, ಸೊನ್ನೆ ಅಲ್ಲಿ ನಿಂತಾಗ ಉಳಿದವು ಲೂಪಿನೊಳಗಿನದರಲ್ಲಿ ನಿಂತಿರುತ್ತವೆ. ಎಂಪಿಐ ‘ನಾಲ್ಕೂ ಬಂದವು’ ಎಂದು ಎಲ್ಲವನ್ನೂ ಬಿಟ್ಟುಬಿಡುತ್ತದೆ. ಸೊನ್ನೆ ಅರ್ಧ ಲೆಕ್ಕದಲ್ಲೇ ಫೈಲ್ ಬರೆಯಲು ಶುರುಮಾಡುತ್ತದೆ. ಪ್ರೋಗ್ರಾಂ ನಿಂತರೆ ನಿಮಗೆ ಕಾಣುತ್ತದೆ, ಇದು ಕಾಣುವುದಿಲ್ಲ.

ಖಚಿತಪಡಿಸಿಕೊಳ್ಳಲು ಬ್ಯಾರಿಯರ್‌ನ ಹಿಂದೆ ಮುಂದೆ ರ‍್ಯಾಂಕ್ ಮತ್ತು ಹೆಜ್ಜೆಯ ಸಂಖ್ಯೆಯನ್ನು ಪ್ರಿಂಟ್ ಮಾಡಿಸಿ. ಪ್ರತಿ ಪ್ರಿಂಟ್ ಆದ ಮೇಲೂ ಎಫ್‌ಫ್ಲಶ್ ಮಾಡಿ (ಬರೆದದ್ದನ್ನು ತಕ್ಷಣ ಹೊರಗೆ ಕಳಿಸುವ ಆಜ್ಞೆ), ಇಲ್ಲದಿದ್ದರೆ ಕೊನೆಯ ಸಾಲುಗಳು ತಾತ್ಕಾಲಿಕ ಸಂಗ್ರಹವಾದ ಬಫರ್‌ನಲ್ಲೇ ಉಳಿದು ದಾರಿ ತಪ್ಪಿಸುತ್ತವೆ.

ಇನ್ನು ಪರಿಹಾರ. ಬ್ಯಾರಿಯರ್ ಕಾಯಿಸುತ್ತದೆ, ಡೇಟಾ ಒಯ್ಯುವುದಿಲ್ಲ. ಪಕ್ಕದ ತುಂಡಿನ ಅಂಚಿನ ಮಟ್ಟ ನಿಮಗೆ ಬೇಕೇ ಬೇಕು, ಅದನ್ನು ಎಂಪಿಐ ಸೆಂಡ್‌ರಿಸೀವ್‌ನಿಂದ ಅದಲು ಬದಲು ಮಾಡಿಕೊಳ್ಳಿ. ಪಕ್ಕದವರ ಮಟ್ಟ ಬರುವ ತನಕ ಅದು ತಾನೇ ಕಾಯುವುದರಿಂದ ಈ ಲೂಪಿಗೆ ಬ್ಯಾರಿಯರ್ ಬೇಕಾಗಿಯೇ ಇಲ್ಲ. ನಾನಾದರೆ ತೆಗೆದುಹಾಕುತ್ತೇನೆ. ಎಲ್ಲಕ್ಕಿಂತ ನಿಧಾನದ ವರ್ಕರ್‌ಗಾಗಿ ಪ್ರತಿ ಹೆಜ್ಜೆಯಲ್ಲೂ ಎಲ್ಲವೂ ಕಾಯುವುದು ತಪ್ಪುತ್ತದೆ.

ಲೂಪ್ ನಿಲ್ಲಿಸುವ ತೀರ್ಮಾನವನ್ನು ಮಾತ್ರ ಯಾವ ವರ್ಕರ್ ಕೂಡ ಒಂಟಿಯಾಗಿ ಮಾಡಬಾರದು. ತನ್ನ ತುಂಡಿನಲ್ಲಿ ಮಟ್ಟ ಹೆಚ್ಚೆಂದರೆ ಎಷ್ಟು ಬದಲಾಯಿತು ಎಂಬುದನ್ನು ಪ್ರತಿಯೊಂದೂ ಎಂಪಿಐ ಆಲ್‌ರೆಡ್ಯೂಸ್‌ಗೆ ಕೊಡಲಿ, ಮ್ಯಾಕ್ಸ್ (ನಾಲ್ಕರಲ್ಲಿ ಅತಿ ದೊಡ್ಡದು) ಕೇಳಲಿ. ನಾಲ್ಕಕ್ಕೂ ಒಂದೇ ಉತ್ತರ ಬರುತ್ತದೆ, ಅದು ತೀರಾ ಚಿಕ್ಕದಾದಾಗ ನಾಲ್ಕೂ ಒಂದೇ ಹೆಜ್ಜೆಯಲ್ಲಿ ಹೊರಬರುತ್ತವೆ. ಪ್ರತಿ ಹೆಜ್ಜೆಗೂ ಕೇಳಬೇಕಿಲ್ಲ. 50 ಹೆಜ್ಜೆಗೊಮ್ಮೆ ಸಾಕು, ಆದರೆ ನಾಲ್ಕೂ ಅದೇ ಹೆಜ್ಜೆಯಲ್ಲಿ ಕೇಳಬೇಕು.