‘ಪರಮ ಸತ್ಯ’ ಎನ್ನುವಾಗ ಯಾವುದನ್ನು ಹೇಳುತ್ತಿದ್ದೇವೆ? ನಂಬಿಕೆ, ನೋಟ, ಸತ್ಯ ಕುರಿತ ಅಧ್ಯಯನ ಟಿಪ್ಪಣಿ

ಪ್ರತಿಯೊಬ್ಬರಿಗೂ ಅವರವರ ನೋಟ ಇರುವಾಗ, ಎಲ್ಲರಿಗೂ ಸಲ್ಲುವ ಪರಮ ಸತ್ಯ ಎಂಬುದು ಇದೆಯೇ? ಧರ್ಮದ ತತ್ತ್ವವಿಚಾರಕ್ಕೆ ಕೈಹಾಕಿದವರು ಮೊದಲು ಸಿಕ್ಕಿಬೀಳುವುದು ಈ ಪ್ರಶ್ನೆಯಲ್ಲಿ. ಉತ್ತರ ಹುಡುಕುವ ಮುಂಚೆ ಪ್ರಶ್ನೆಯ ಗಂಟನ್ನೇ ಬಿಚ್ಚಬೇಕು. ‘ಪರಮ ಸತ್ಯ’ ಎಂಬ ಒಂದೇ ಮಾತಿನೊಳಗೆ ನಾಲ್ಕು ಸಂಗತಿಗಳು ಸೇರಿಕೊಂಡಿವೆ.

ಒಂದು, ನಿರಪೇಕ್ಷ ಸತ್ಯ: ಯಾರು ನಂಬಲಿ ಬಿಡಲಿ ಸತ್ಯವಾಗಿಯೇ ಇರುವುದು. ಎರಡು, ಪೂರ್ಣ ಸತ್ಯ: ಒಂದು ವಸ್ತುವಿನ ಬಗ್ಗೆ ಹೇಳಬಹುದಾದ ಎಲ್ಲವನ್ನೂ ಒಳಗೊಂಡದ್ದು. ಮೂರು, ನಿಶ್ಚಿತ ಜ್ಞಾನ: ಸಂದೇಹಕ್ಕೆ ಎಡೆಯಿಲ್ಲದಂತೆ ತಿಳಿದದ್ದು. ನಾಲ್ಕು, ಪರಮಾರ್ಥ: ಉಳಿದೆಲ್ಲಕ್ಕಿಂತ ಮೇಲಿನ ನೆಲೆಯ ಇರವು. ಮೊದಲನೆಯದು ಹೇಳಿಕೆಯ ಗುಣ, ಎರಡನೆಯದು ವಿವರಣೆಯ ವ್ಯಾಪ್ತಿ, ಮೂರನೆಯದು ತಿಳಿದವರ ಸ್ಥಿತಿ, ನಾಲ್ಕನೆಯದು ವಸ್ತುವಿನದೇ ದರ್ಜೆ.

ವಾದಗಳು ಬಹುಪಾಲು ಕೆಡುವುದು ಒಂದು ಅರ್ಥದಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಜಾರುವುದರಿಂದ. ‘ಯಾರಿಗೂ ಖಚಿತವಾಗಿ ಗೊತ್ತಿಲ್ಲ, ಆದ್ದರಿಂದ ಅವರವರಿಗೆ ಅವರವರ ಸತ್ಯ’ ಎನ್ನುವವರು ಮೂರನೆಯದರಿಂದ ಮೊದಲನೆಯದಕ್ಕೆ ಹಾರಿದ್ದಾರೆ. ಈ ಕ್ಷಣ ಭೂಮಿಯ ಮೇಲೆ ಎಷ್ಟು ಆನೆಗಳು ಬದುಕಿವೆ ಎಂದು ಯಾರಿಗೂ ಗೊತ್ತಿಲ್ಲ. ಹಾಗೆಂದು ಆ ಸಂಖ್ಯೆ ಸಮವೋ ಬೆಸವೋ ಎಂಬುದು ಎಣಿಸುವವರ ಇಷ್ಟಕ್ಕೆ ಬಿಟ್ಟದ್ದಲ್ಲ. ಇದಕ್ಕೆ ತದ್ವಿರುದ್ಧವಾದ ಜಾರುವಿಕೆಯೂ ಅಷ್ಟೇ ಸಾಮಾನ್ಯ: ‘ಸತ್ಯ ಒಂದೇ, ಆದ್ದರಿಂದ ನಾನು ನಂಬಿದ್ದು ನಿಶ್ಚಿತ.’ ಸತ್ಯ ನಿರಪೇಕ್ಷವಾಗಿದ್ದರೂ ಅದು ನನಗೆ ತಪ್ಪಾಗಿ ತಿಳಿದಿರಬಹುದು. ನಿಜ ಹೇಳಬೇಕೆಂದರೆ, ನಿರಪೇಕ್ಷ ಸತ್ಯವಿದ್ದರೆ ಮಾತ್ರ ‘ನಾನು ತಪ್ಪಿದೆ’ ಎಂಬ ಮಾತಿಗೆ ಅರ್ಥವಿದೆ.

ಮಾತು ಸಂದರ್ಭವನ್ನು ಅವಲಂಬಿಸುವುದಕ್ಕೂ ಸತ್ಯ ಅವಲಂಬಿಸುವುದಕ್ಕೂ ವ್ಯತ್ಯಾಸವಿದೆ. ‘ಈಗ ಇಲ್ಲಿ ಮಳೆ ಬರುತ್ತಿದೆ’ ಎಂಬ ವಾಕ್ಯ ಒಬ್ಬರ ಬಾಯಲ್ಲಿ ಸರಿ, ಇನ್ನೊಬ್ಬರ ಬಾಯಲ್ಲಿ ತಪ್ಪು. ‘ಈಗ’, ‘ಇಲ್ಲಿ’ ಎಂಬ ಜಾಗಗಳಲ್ಲಿ ದಿನಾಂಕ, ಗಂಟೆ, ಸ್ಥಳದ ಹೆಸರು ತುಂಬಿದರೆ ಅದೇ ಹೇಳಿಕೆ ಎಲ್ಲರಿಗೂ, ಎಂದೆಂದಿಗೂ ಒಂದೇ. ಧಾರ್ಮಿಕ ಹೇಳಿಕೆಯೊಂದು ‘ಸಾಪೇಕ್ಷ’ ಎನಿಸಿದಾಗ ಮೊದಲು ಮಾಡಬೇಕಾದ ಕೆಲಸ ಇದೇ: ಯಾವ ಜಾಗ ಖಾಲಿ ಬಿಟ್ಟಿದೆ ಎಂದು ಹುಡುಕಿ ತುಂಬುವುದು.

‘ನನ್ನ ಪಾಲಿಗೆ ಸತ್ಯ’

ಮೂರು ವಾಕ್ಯ ತೆಗೆದುಕೊಳ್ಳಿ. ‘ಪ್ರಾರ್ಥನೆಯಿಂದ ನನಗೆ ನೆಮ್ಮದಿ ಸಿಕ್ಕಿತು.’ ‘ದೇವರು ನನ್ನ ಪ್ರಾರ್ಥನೆ ಕೇಳಿದ.’ ‘ನಾನು ಈ ದಾರಿಯಲ್ಲೇ ನಡೆಯುತ್ತೇನೆ.’ ಮೊದಲನೆಯದು ಅನುಭವದ ವರದಿ. ಅದಕ್ಕೆ ಹೇಳಿದವರೇ ಸಾಕ್ಷಿ. ಮೂರನೆಯದು ಸಂಕಲ್ಪ; ಅದನ್ನು ಉಳಿಸಿಕೊಳ್ಳಬಹುದು, ಮುರಿಯಬಹುದು, ಸತ್ಯ ಸುಳ್ಳು ಎಂಬ ವಿಚಾರಣೆ ಅದಕ್ಕಿಲ್ಲ. ತೊಡಕು ಇರುವುದು ನಡುವಿನದರಲ್ಲಿ. ಅದು ಹೇಳಿದವರ ಆಚೆಗಿನ ಒಂದನ್ನು ಕುರಿತದ್ದು.

ಈಗ ‘ನನ್ನ ಪಾಲಿಗೆ’ ಎಂದು ಮೂರಕ್ಕೂ ಸೇರಿಸಿ ಓದಿ. ಮೊದಲನೆಯದಕ್ಕೂ ಮೂರನೆಯದಕ್ಕೂ ಏನೂ ಆಗುವುದಿಲ್ಲ. ‘ನನ್ನ ಪಾಲಿಗೆ, ದೇವರು ನನ್ನ ಪ್ರಾರ್ಥನೆ ಕೇಳಿದ’ ಎಂದಾಗ ಮಾತ್ರ ಅರ್ಥವೇ ಬದಲಾಗುತ್ತದೆ. ‘ಕೇಳಿದನೆಂದು ನಾನು ನಂಬುತ್ತೇನೆ’ ಎಂಬಷ್ಟಕ್ಕೆ ಅದು ಕುಗ್ಗುತ್ತದೆ. ದೇವರ ಬಗ್ಗೆ ಇದ್ದ ಮಾತು ನನ್ನ ಬಗ್ಗೆ ಆಯಿತು. ಆಳವಾಗಿ ನಂಬಿದವರು ಈ ಕುಗ್ಗುವಿಕೆಯನ್ನು ಒಪ್ಪುವುದಿಲ್ಲ. ಗೌರವದಿಂದ ‘ನಿಮ್ಮ ಪಾಲಿಗೆ ಅದು ಸತ್ಯ’ ಎಂದಾಗ ಅವರು ಹೇಳಿದ್ದನ್ನು ನಾವು ಕೇಳಿಸಿಕೊಂಡೇ ಇಲ್ಲ ಎಂದಾಗುತ್ತದೆ.

ಗ್ರೀಕ್ ಚಿಂತಕ ಪ್ರೊಟಾಗೊರಸ್ ಮನುಷ್ಯನೇ ಎಲ್ಲದರ ಅಳತೆ ಎಂದ. ಪ್ಲೇಟೋ ಎತ್ತಿದ ಆಕ್ಷೇಪ: ಹಾಗಾದರೆ ‘ಪ್ರೊಟಾಗೊರಸ್ ಹೇಳಿದ್ದು ತಪ್ಪು’ ಎಂದು ನಂಬುವವರ ನಂಬಿಕೆಯನ್ನೂ ಅವನು ಸತ್ಯವೆಂದು ಒಪ್ಪಬೇಕು. ‘ನಿರಪೇಕ್ಷ ಸತ್ಯವಿಲ್ಲ’ ಎಂಬ ಮಾತು ತಾನೇ ನಿರಪೇಕ್ಷವೋ ಅಲ್ಲವೋ ಎಂದು ಕೇಳುವುದು ಇದೇ ವಾದದ ಇಂದಿನ ರೂಪ. ಇಲ್ಲಿ ಕಲಿಯುವವರು ಗೆದ್ದ ಉತ್ಸಾಹದಲ್ಲಿ ಒಂದು ಹೆಜ್ಜೆ ಹೆಚ್ಚು ಇಡುತ್ತಾರೆ. ಈ ವಾದ ತೋರಿಸುವುದು ಎಲ್ಲವೂ ಸಾಪೇಕ್ಷವಾಗಿರಲಾರದು ಎಂಬುದನ್ನು ಮಾತ್ರ. ಯಾವ ಧರ್ಮ ಸತ್ಯ, ಅದು ನಮಗೆ ಹೇಗೆ ಗೊತ್ತು ಎಂಬುದರ ಬಗ್ಗೆ ಅದು ಏನನ್ನೂ ಸಾಧಿಸುವುದಿಲ್ಲ.

ಸ್ಯಾದ್ವಾದ: ‘ಇರಬಹುದು’ ಅಲ್ಲ

ನೋಟಕ್ಕೂ ಸತ್ಯಕ್ಕೂ ಇರುವ ಸಂಬಂಧವನ್ನು ಅತಿ ಜಾಗರೂಕತೆಯಿಂದ ಬಿಡಿಸಿದವರು ಜೈನ ತಾರ್ಕಿಕರು, ಮತ್ತು ಅತಿ ಹೆಚ್ಚು ತಪ್ಪಾಗಿ ಅರ್ಥವಾಗಿರುವವರೂ ಅವರೇ. ಆದ್ದರಿಂದ ಇಲ್ಲಿ ನಿಧಾನವಾಗಿ ಓದಬೇಕು. ಹೇಳಿಕೆ ಯಾವ ನೆಲೆಯಿಂದ ನಿಜ ಎಂಬುದನ್ನು ‘ಸ್ಯಾತ್’ ಪದದಿಂದ ಸೂಚಿಸುವ ಅವರ ಕ್ರಮವೇ ಸ್ಯಾದ್ವಾದ.

ಜೈನರ ಮೂಲಗ್ರಂಥ ತತ್ತ್ವಾರ್ಥಸೂತ್ರ ಹೇಳುವಂತೆ ತಿಳಿವಳಿಕೆ ಬರುವುದು ಪ್ರಮಾಣ ಮತ್ತು ನಯಗಳಿಂದ. ಪ್ರಮಾಣ ವಸ್ತುವನ್ನು ಇಡಿಯಾಗಿ ಹಿಡಿಯುತ್ತದೆ. ನಯ ಒಂದು ಬದಿಯಿಂದ. 12ನೆಯ ಶತಮಾನದ ಹೇಮಚಂದ್ರ ಇದನ್ನು ಮೂರು ಪುಟ್ಟ ಮಾತುಗಳಲ್ಲಿ ತೋರಿಸುತ್ತಾನೆ: ‘ಸದೇವ’, ‘ಸತ್’, ‘ಸ್ಯಾತ್ ಸತ್’. ‘ಇದ್ದೇ ಇದೆ, ಬೇರೆ ಬದಿಯೇ ಇಲ್ಲ’ ಎನ್ನುವುದು ದುರ್ನಯ. ಉಳಿದ ಬದಿಗಳನ್ನು ಅಲ್ಲಗಳೆಯದೆ ‘ಇದೆ’ ಎನ್ನುವುದು ನಯ. ‘ಒಂದು ನೆಲೆಯಿಂದ ಇದೆ’ ಎಂದು ಆ ನೆಲೆಯನ್ನೂ ಎಚ್ಚರದಿಂದ ಸೂಚಿಸುವುದು ಪ್ರಮಾಣವಾಕ್ಯ. ಗಮನಿಸಿ: ಒಂದು ಬದಿಯಿಂದ ನೋಡುವುದು ದೋಷವಲ್ಲ. ಆ ಬದಿಯನ್ನೇ ಇಡೀ ವಸ್ತು ಎನ್ನುವುದು ದೋಷ.

ಮಣ್ಣಿನ ಗಡಿಗೆಯೊಂದನ್ನು ಇಟ್ಟುಕೊಳ್ಳಿ. ನೆಲೆ ಹೇಳಲು ನಾಲ್ಕು ಅಂಶ ಬೇಕು: ದ್ರವ್ಯ, ಕ್ಷೇತ್ರ, ಕಾಲ, ಭಾವ. ಮಣ್ಣಿನದಾಗಿ, ಈ ಕೋಣೆಯಲ್ಲಿ, ಇಂದು, ಕೆಂಪಾಗಿ ಗಡಿಗೆ ಇದೆ. ತಾಮ್ರದ್ದಾಗಿ, ಪಕ್ಕದ ಕೋಣೆಯಲ್ಲಿ, ಹಸಿ ಮಣ್ಣಾಗಿದ್ದ ದಿನದಲ್ಲಿ, ಕಪ್ಪಾಗಿ ಇಲ್ಲ. ಇವು ಮೊದಲೆರಡು ಭಂಗಗಳು, ಅಂದರೆ ಹೇಳುವ ಬಗೆಗಳು: ಸ್ಯಾದಸ್ತಿ, ಸ್ಯಾನ್ನಾಸ್ತಿ. ಎರಡನ್ನೂ ಒಂದಾದ ಮೇಲೊಂದು ಹೇಳಿದರೆ ಮೂರನೆಯದು, ಸ್ಯಾದಸ್ತಿನಾಸ್ತಿ. ಎರಡನ್ನೂ ಒಟ್ಟಿಗೆ, ಒಂದೇ ಪದದಲ್ಲಿ ಹೇಳಹೊರಟರೆ ಭಾಷೆ ಸೋಲುತ್ತದೆ, ಅದು ಅವಕ್ತವ್ಯ. ಮೊದಲ ಮೂರಕ್ಕೆ ಒಂದೊಂದಾಗಿ ಅವಕ್ತವ್ಯ ಸೇರಿಸಿದರೆ ಇನ್ನು ಮೂರು. ಭಂಗ ಏಕೆ ಏಳೇ? ಮೂಲ ಅಂಶಗಳು ಮೂರು: ಅಸ್ತಿ, ನಾಸ್ತಿ, ಅವಕ್ತವ್ಯ. ಮೂರನ್ನು ಬಿಡಿಯಾಗಿ, ಜೋಡಿಯಾಗಿ, ಒಟ್ಟಾಗಿ ಸೇರಿಸುವ ರೀತಿ 3 + 3 + 1 = 7. ಎಂಟನೆಯದಕ್ಕೆ ಜಾಗವಿಲ್ಲ. ಪಟ್ಟಿಯನ್ನು ಬಾಯಿಪಾಠ ಮಾಡುವ ಬದಲು ಈ ಲೆಕ್ಕ ನೆನಪಿಟ್ಟರೆ ಕ್ರಮ ಮರೆತರೂ ಮತ್ತೆ ಕಟ್ಟಿಕೊಳ್ಳಬಹುದು.

ಈಗ ಮುಖ್ಯ ತಪ್ಪು. ಸಂಸ್ಕೃತದಲ್ಲಿ ‘ಸ್ಯಾತ್’ ಎಂಬ ಕ್ರಿಯಾಪದಕ್ಕೆ ‘ಇರಬಹುದು’ ಎಂಬ ಅರ್ಥವಿರುವುದು ನಿಜ. ಆದರೆ ಇಲ್ಲಿ ಅದು ಕ್ರಿಯಾಪದವಲ್ಲ, ನಿಪಾತ, ಅಂದರೆ ರೂಪ ಬದಲಾಗದ ಅವ್ಯಯ. ಅರ್ಥ ‘ಕಥಂಚಿತ್’, ಅಂದರೆ ‘ಒಂದು ನಿರ್ದಿಷ್ಟ ನೆಲೆಯಿಂದ’. ಪೂರ್ಣ ವಾಕ್ಯ ‘ಸ್ಯಾದ್ ಅಸ್ತಿ ಏವ’. ‘ಸ್ಯಾತ್’ ವ್ಯಾಪ್ತಿಗೆ ಗೆರೆ ಎಳೆಯುತ್ತದೆ. ‘ಏವ’ ಆ ಗೆರೆಯೊಳಗೆ ಮೊಳೆ ಹೊಡೆಯುತ್ತದೆ. ಸಂದೇಹಕ್ಕೆ ಇಲ್ಲಿ ಜಾಗವೇ ಇಲ್ಲ. ‘ಇರಬಹುದೇನೋ’ ಎಂದು ಅನುವಾದಿಸಿದರೆ ಇಡೀ ದರ್ಶನ ತಲೆಕೆಳಗಾಗುತ್ತದೆ.

ಬ್ರಹ್ಮಸೂತ್ರದ 2.2.33, ‘ನೈಕಸ್ಮಿನ್ನಸಂಭವಾತ್’, ಇದಕ್ಕೆ ಎತ್ತಿದ ಆಕ್ಷೇಪ: ಒಂದೇ ವಸ್ತುವಿನಲ್ಲಿ ವಿರುದ್ಧ ಧರ್ಮಗಳು, ಅಂದರೆ ಗುಣಗಳು, ಇರಲಾರವು. ಜೈನರ ಉತ್ತರ: ಒಂದೇ ನೆಲೆಯಿಂದ ಎಂದು ನಾವು ಹೇಳಿದ್ದರೆ ತಾನೆ ವಿರೋಧ? ಹಾಗಾದರೆ ಅನೇಕಾಂತವೇ (ವಸ್ತುವಿಗೆ ಹಲವು ಬದಿಗಳುಂಟು ಎಂಬುದೇ) ಏಕಾಂತ (ಒಂದೇ ಬದಿಯ ಪಟ್ಟು) ಆಯಿತಲ್ಲವೇ ಎಂದು ಪ್ಲೇಟೋ ಬಗೆಯಲ್ಲಿ ಕೇಳಿದರೆ, ಜೈನ ಆಚಾರ್ಯ ಸಮಂತಭದ್ರನ ಉತ್ತರ ಸಿದ್ಧವಿದೆ: ಅನೇಕಾಂತವೂ ಅನೇಕಾಂತವೇ. ಪ್ರಮಾಣದಿಂದ ನೋಡಿದರೆ ಅದು ಅನೇಕಾಂತ, ಆಯ್ದ ನಯದಿಂದ ನೋಡಿದರೆ ಏಕಾಂತ. ಇದಕ್ಕಿಂತ ದೊಡ್ಡ ವಿಷಯ, ಜೈನರು ಕೇವಲಜ್ಞಾನವನ್ನು ಒಪ್ಪುತ್ತಾರೆ. ಎಲ್ಲ ಬದಿಗಳನ್ನೂ ಒಟ್ಟಿಗೆ ಕಾಣುವ ಅರಿವು ಸಾಧ್ಯ ಎಂಬ ನೆಲದ ಮೇಲೆಯೇ ಸ್ಯಾದ್ವಾದ ನಿಂತಿದೆ. ನೋಟಗಳು ಅನೇಕ, ವಸ್ತು ಇದ್ದಂತೆಯೇ ಇದೆ.

ಕುರುಡರು ಮತ್ತು ಆನೆಯ ದೃಷ್ಟಾಂತವನ್ನೂ ಹೀಗೆಯೇ ಓದಬೇಕು. ಪಾಲಿ ಭಾಷೆಯ ಬೌದ್ಧ ಗ್ರಂಥ ಉದಾನದ 6.4ರಲ್ಲಿ ಕಿವಿ ಮುಟ್ಟಿದವರಿಗೆ ಆನೆ ಮೊರದಂತೆ, ಕಾಲು ಮುಟ್ಟಿದವರಿಗೆ ಕಂಬದಂತೆ ತೋರಿ, ಕೊನೆಗೆ ಗುದ್ದಾಡಿಕೊಳ್ಳುತ್ತಾರೆ. ‘ಎಲ್ಲರೂ ಸರಿ’ ಎನ್ನಲು ಈ ಕತೆಯನ್ನು ಬಳಸುವವರು ಅಲ್ಲಿ ಕಣ್ಣಿರುವ ದೊರೆಯೊಬ್ಬ ನಿಂತಿರುವುದನ್ನು ಬಿಟ್ಟುಬಿಡುತ್ತಾರೆ. ಇಡೀ ಆನೆ ಯಾರಿಗೂ ಕಾಣದಿದ್ದರೆ, ಮುಟ್ಟಿದ್ದೆಲ್ಲ ಒಂದೇ ಆನೆ ಎಂದು ಹೇಳಲು ಯಾರಿಂದಲೂ ಆಗದು. ಬೌದ್ಧ ಪಾಠದಲ್ಲಿ ಈ ಕತೆ ಜಗಳಗಂಟ ಮತವಾದಿಗಳಿಗೆ ಹೊಗಳಿಕೆಯಲ್ಲ, ಅವರಿಗೆ ಕಾಣದು ಎಂಬ ತೀರ್ಪು.

ನೆಲೆಗಳು

ಅದ್ವೈತ ಮೂರು ಸತ್ತೆಗಳನ್ನು, ಅಂದರೆ ಇರವಿನ ಮೂರು ನೆಲೆಗಳನ್ನು, ಹೇಳುತ್ತದೆ. ಹಗ್ಗದಲ್ಲಿ ಕಂಡ ಹಾವು ಪ್ರಾತಿಭಾಸಿಕ (ಬರಿಯ ತೋರಿಕೆ), ಹಗ್ಗ ವ್ಯಾವಹಾರಿಕ, ಬ್ರಹ್ಮ ಪಾರಮಾರ್ಥಿಕ. ಅಳತೆಗೋಲು ‘ಬಾಧ’: ಮುಂದಿನ ಅರಿವಿನಿಂದ ರದ್ದಾಗುವುದೋ ಇಲ್ಲವೋ. ಅದ್ವೈತ ಜಗತ್ತನ್ನು ‘ಮಿಥ್ಯೆ’ ಎನ್ನುವುದನ್ನು ಪರೀಕ್ಷೆಯಲ್ಲಿ ‘ಸುಳ್ಳು’ ಎಂದು ಬರೆದರೆ ಅಂಕ ಹೋಗುತ್ತದೆ. ಎಂದೂ ತೋರದ ಮೊಲದ ಕೊಂಬು ತುಚ್ಛ, ಅಂದರೆ ಇಲ್ಲವೇ ಇಲ್ಲದ್ದು. ಜಗತ್ತು ತೋರುತ್ತದೆ, ಕೆಲಸಕ್ಕೆ ಬರುತ್ತದೆ, ಆಮೇಲೆ ಬಾಧಿತವಾಗುತ್ತದೆ. ಇನ್ನೊಂದು ಸೂಕ್ಷ್ಮ: ಹಾವು ಕಂಡದ್ದು ಒಬ್ಬರಿಗೆ, ಹಗ್ಗ ಎಲ್ಲರಿಗೂ. ‘ನನಗೆ ಹಾಗೆ ಕಂಡಿತು’ ಎಂಬುದಕ್ಕೆ ಅದ್ವೈತದಲ್ಲಿ ಕೆಳಗಿನ ಮೆಟ್ಟಿಲೇ ಸಿಗುವುದು.

ಬೌದ್ಧ ಮಾಧ್ಯಮಿಕ ಪಂಥದ ನಾಗಾರ್ಜುನನದು ಸಂವೃತಿ (ವ್ಯವಹಾರದ ಸತ್ಯ), ಪರಮಾರ್ಥ ಎಂಬ ಎರಡೇ. ವ್ಯವಹಾರವನ್ನು ಆಶ್ರಯಿಸದೆ ಪರಮಾರ್ಥವನ್ನು ಉಪದೇಶಿಸಲಾಗದು ಎನ್ನುತ್ತಾನೆ (ಮೂಲಮಧ್ಯಮಕಕಾರಿಕೆ 24.10). ಅವನ ಪರಮಾರ್ಥವನ್ನು ಬ್ರಹ್ಮದಂತೆ ಹಿಂದೆ ಅಡಗಿರುವ ವಸ್ತು ಎಂದು ತಿಳಿಯಬೇಡಿ, ಶೂನ್ಯತೆಯೂ (ಯಾವುದಕ್ಕೂ ತನ್ನದೇ ಸ್ಥಿರ ಸ್ವಭಾವವಿಲ್ಲ ಎಂಬುದೂ) ಶೂನ್ಯವೇ.

ಮಧ್ವರು ಈ ಮೆಟ್ಟಿಲುಗಳನ್ನೇ ಒಪ್ಪುವುದಿಲ್ಲ. ಜಗತ್ತು ಸತ್ಯ, ಪಂಚಭೇದವೂ (ದೇವರು, ಜೀವ, ಜಡಗಳ ನಡುವಿನ ಐದು ಬಗೆಯ ಭೇದವೂ) ಸತ್ಯ. ಮೇಲುಕೀಳು ಇರುವುದು ಸತ್ಯದಲ್ಲಲ್ಲ, ಸ್ವಾತಂತ್ರ್ಯದಲ್ಲಿ: ದೇವರು ಸ್ವತಂತ್ರ, ಉಳಿದದ್ದೆಲ್ಲ ಪರತಂತ್ರ. ಪರಮವಾದದ್ದು ಒಂದಿದೆ ಎಂದು ಒಪ್ಪಲು ಉಳಿದದ್ದರ ಸತ್ಯವನ್ನು ಕಡಿಮೆ ಮಾಡಲೇಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಹುಟ್ಟಿನ ವಾದ

‘ಆ ಮನೆಯಲ್ಲಿ ಹುಟ್ಟಿದ್ದಕ್ಕೆ ನೀವು ಅದನ್ನು ನಂಬುತ್ತೀರಿ.’ 1859ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಇದನ್ನು ಹೀಗಿಟ್ಟ: ಲಂಡನ್ನಿನಲ್ಲಿ ಒಬ್ಬನನ್ನು ಚರ್ಚಿನವನನ್ನಾಗಿಸಿದ ಕಾರಣಗಳೇ ಪೀಕಿಂಗಿನಲ್ಲಿ ಅವನನ್ನು ಬೌದ್ಧನನ್ನೋ ಕನ್ಫ್ಯೂಷಿಯಸ್‌ನ ಅನುಯಾಯಿಯನ್ನೋ ಆಗಿಸುತ್ತಿದ್ದವು. ನಂಬಿಕೆ ಹುಟ್ಟಿದ ಕಾರಣ ಬೇರೆ, ಅದನ್ನು ಒಪ್ಪಲು ಇರುವ ಆಧಾರ ಬೇರೆ. ಕಾರಣ ತೋರಿಸಿದ ಮಾತ್ರಕ್ಕೆ ನಂಬಿಕೆ ಸುಳ್ಳಾಗದು. ಆದರೆ ಈ ವಾದವನ್ನು ‘ತರ್ಕದೋಷ’ ಎಂದು ತಳ್ಳಿಹಾಕುವುದೂ ಸರಿಯಲ್ಲ. ನನ್ನನ್ನು ಈ ತೀರ್ಮಾನಕ್ಕೆ ತಂದ ಅದೇ ದಾರಿ ಇನ್ನೊಬ್ಬರನ್ನು ವಿರುದ್ಧ ತೀರ್ಮಾನಕ್ಕೆ ಒಯ್ಯುವುದಾದರೆ, ಆ ದಾರಿಯೊಂದರ ಮೇಲೆಯೇ ಭಾರ ಹಾಕಲು ಬರುವುದಿಲ್ಲ. ಪೆಟ್ಟು ಬೀಳುವುದು ಮೂರನೆಯ ಅರ್ಥಕ್ಕೆ, ನಿಶ್ಚಿತತೆಗೆ, ಮೊದಲನೆಯದಕ್ಕಲ್ಲ. ನಾಸ್ತಿಕರ ಮನೆಯಲ್ಲಿ ಬೆಳೆದವರಿಗೂ ಇದು ಅಷ್ಟೇ ಅನ್ವಯ.

ಇತರ ಧರ್ಮಗಳ ಬಗ್ಗೆ ಮೂರು ನಿಲುವು

ನಮ್ಮದೊಂದೇ ದಾರಿ, ನಮ್ಮದರೊಳಗೆ ಅವರಿಗೂ ಜಾಗವಿದೆ, ಎಲ್ಲವೂ ಸಮಾನ ದಾರಿಗಳು. ಈ ಮೂರರ ವಿಂಗಡಣೆ 1983ರಲ್ಲಿ ಅಲನ್ ರೇಸ್ ಬರೆದ ಮೇಲೆ ರೂಢಿಗೆ ಬಂತು. ಗೊಂದಲವಾಗುವುದು ನಡುವಿನದರಲ್ಲಿ, ಏಕೆಂದರೆ ಅದು ಕೇಳಲು ಮೂರನೆಯದರಂತಿದೆ. ಗೀತೆಯ 9.23ನ್ನು ನೋಡಿ: ಶ್ರದ್ಧೆಯಿಂದ ಅನ್ಯದೇವತೆಗಳನ್ನು ಪೂಜಿಸುವವರೂ ನನ್ನನ್ನೇ ಪೂಜಿಸುತ್ತಾರೆ, ‘ಅವಿಧಿಪೂರ್ವಕಂ’, ಅಂದರೆ ವಿಧಿಯಂತಲ್ಲದೆ. ಕೊನೆಯ ಪದ ಬಿಟ್ಟು ಉದ್ಧರಿಸಿದರೆ ಸಮಾನತೆ, ಸೇರಿಸಿದರೆ ಒಳಗೊಳ್ಳುವಿಕೆ. 1965ರ ವ್ಯಾಟಿಕನ್ ಘೋಷಣೆ ‘ನೋಸ್ಟ್ರಾ ಎಟಾಟೆ’ಯೂ ಹಾಗೆಯೇ: ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ತಿರಸ್ಕರಿಸುವುದಿಲ್ಲ ಎನ್ನುತ್ತಲೇ ಕ್ರಿಸ್ತನನ್ನು ಸಾರುವುದು ಕರ್ತವ್ಯ ಎನ್ನುತ್ತದೆ.

ಸಹಿಷ್ಣುತೆಗೆ ಮೂರನೆಯ ನಿಲುವೇ ಬೇಕು ಎಂಬ ಊಹೆ ಬಹಳ ಕಡೆ ಕಾಣುತ್ತದೆ, ಅದು ನನಗೆ ಒಪ್ಪಿಗೆಯಿಲ್ಲ. ಕವಿರಾಜಮಾರ್ಗ ಪರವಿಚಾರವನ್ನೂ ಪರಧರ್ಮವನ್ನೂ ‘ಸೈರಿಸಬಲ್ಲ’ ಶಕ್ತಿಯನ್ನು ಕಸವರ, ಅಂದರೆ ಚಿನ್ನ, ಎಂದು ಕರೆಯಿತು. ಸೈರಿಸುವುದು ಒಪ್ಪದೆ ಇರುವುದನ್ನೇ. ಒಪ್ಪಿದ್ದನ್ನು ಸೈರಿಸುವ ಪ್ರಶ್ನೆ ಬರುವುದಿಲ್ಲ. ಅಶೋಕನ 12ನೆಯ ಶಿಲಾಶಾಸನವೂ ಎಲ್ಲ ಪಂಥಗಳು ಹೇಳುವುದು ಸತ್ಯ ಎನ್ನುವುದಿಲ್ಲ. ಮಾತಿಗೆ ಹಿಡಿತವಿರಲಿ, ತನ್ನ ಪಂಥದ ಮೇಲಿನ ಭಕ್ತಿಯಿಂದ ಪರರದನ್ನು ಹಳಿಯುವವನು ತನ್ನದಕ್ಕೇ ಹಾನಿ ಮಾಡುತ್ತಾನೆ ಎನ್ನುತ್ತದೆ. ಸತ್ಯದ ಪ್ರಶ್ನೆ ತೆರೆದೇ ಇದೆ, ನಡತೆಯ ಪ್ರಶ್ನೆಗೆ ಉತ್ತರ ಸಿಕ್ಕಿದೆ.

ಒಂದು ವಾಕ್ಯವನ್ನು ಬಿಡಿಸಿ ನೋಡುವುದು

‘ಎಲ್ಲ ಧರ್ಮಗಳೂ ಒಂದೇ ಸತ್ಯವನ್ನು ಹೇಳುತ್ತವೆ.’ ಮೇಲಿನ ನಾಲ್ಕು ಅರ್ಥಗಳನ್ನು ಒಂದೊಂದಾಗಿ ಹಾಕಿ ನೋಡಿ. ನಿರಪೇಕ್ಷ ಎಂಬ ಅರ್ಥದಲ್ಲಿ ಇದು ನಿಲ್ಲದು. ಯೇಸು ಶಿಲುಬೆಯ ಮೇಲೆ ಸತ್ತನೆಂದು ಕ್ರೈಸ್ತಧರ್ಮ, ಇಲ್ಲವೆಂದು ಕುರಾನಿನ 4:157. ನಿತ್ಯ ಆತ್ಮವುಂಟೆಂದು ವೇದಾಂತ, ಇಲ್ಲವೆಂದು ಬೌದ್ಧರು. ಸೃಷ್ಟಿಕರ್ತನುಂಟೆಂದು ಹಲವರು, ಲೋಕ ಅನಾದಿಯೆಂದು ಜೈನರು. ಪೂರ್ಣ ಎಂಬ ಅರ್ಥದಲ್ಲಿ, ಪ್ರತಿಯೊಂದೂ ಒಂದು ತುಂಡು ಎನ್ನಬಹುದು. ಆದರೆ ‘ಸತ್ತ’ ಮತ್ತು ‘ಸಾಯಲಿಲ್ಲ’ ಎಂಬವು ಒಂದೇ ಚಿತ್ರದ ಎರಡು ತುಂಡುಗಳಾಗಬೇಕಾದರೆ ಬೇರೆ ಬೇರೆ ನೆಲೆಗಳನ್ನು ತೋರಿಸಬೇಕು, ಸುಮ್ಮನೆ ‘ಸ್ಯಾತ್’ ಎಂದರೆ ಸಾಲದು. ನಿಶ್ಚಿತ ಜ್ಞಾನದ ಅರ್ಥ ಇಲ್ಲಿ ಹೊಂದುವುದೇ ಇಲ್ಲ.

ಉಳಿಯುವುದು ಪರಮಾರ್ಥ: ಹೆಸರು ಹಲವು, ಇರುವುದು ಒಂದು. ಇದಕ್ಕೆ ‘ಏಕಂ ಸದ್ ವಿಪ್ರಾ ಬಹುಧಾ ವದಂತಿ’ ಎಂಬ ಋಗ್ವೇದದ 1.164.46ನ್ನು ಎತ್ತಿಕೊಳ್ಳುತ್ತಾರೆ. ಅಲ್ಲಿರುವ ಪದ ‘ಸತ್’, ಅಂದರೆ ಇರುವಂಥದ್ದು, ‘ಸತ್ಯ’ ಅಲ್ಲ. ಆ ಮಂತ್ರ ಹೆಸರಿಸುವುದು ಇಂದ್ರ, ಮಿತ್ರ, ವರುಣ, ಅಗ್ನಿ ಮುಂತಾದವರನ್ನು, ಧರ್ಮಗಳನ್ನಲ್ಲ. ಇದನ್ನು ಧರ್ಮಗಳಿಗೂ ಹಿಗ್ಗಿಸುವುದು ಓದುಗರ ವ್ಯಾಖ್ಯಾನ. ಆ ವ್ಯಾಖ್ಯಾನ ಮಾಡಬಾರದೆಂದಿಲ್ಲ, ಆದರೆ ಮಾಡಿದ ಮೇಲೆ ಅದು ಎಲ್ಲ ಮತಗಳ ಮೇಲೆ ಕುಳಿತ ನ್ಯಾಯಾಧೀಶನಾಗುವುದಿಲ್ಲ. ಜೈನರೂ ಮಾಧ್ಯಮಿಕರೂ ಮಾಧ್ವರೂ ಅದನ್ನು ಒಪ್ಪಿಲ್ಲ. ಅವರೆದುರು ಅದೂ ಒಂದು ಪ್ರತಿಜ್ಞೆಯಾಗಿ, ಅಂದರೆ ಸಾಧಿಸಬೇಕಾದ ಹೇಳಿಕೆಯಾಗಿ, ನಿಂತು ತನ್ನ ಹೇತುವನ್ನು (ಆಧಾರವನ್ನು) ಕೊಡಬೇಕು.